ಫೀಡ್ ನಡುವಿನ ಜಾಹೀರಾತಿಗೆ ಸ್ಕ್ರಿಪ್ಟ್ ಕತ್ತರಿ

ಫೇಸ್‌ಬುಕ್ ತೆರೆದರೆ ಮೊದಲು ಊರ ಜಾತ್ರೆಯ ಫೋಟೊ, ಆಮೇಲೆ ಅಕ್ಕನ ಮಗಳ ನಾಮಕರಣ, ಅದರ ಕೆಳಗೆ ಮೊಣಕಾಲು ನೋವಿನ ಎಣ್ಣೆ. ಇನ್ನೊಂದಿಷ್ಟು ಸರಿಸಿದರೆ ಗೆಳೆಯರೊಬ್ಬರ ಕವಿತೆ, ಅದರ ಬೆನ್ನಿಗೇ ಸೈಟು ಕೊಳ್ಳಿರೆಂಬ ಕರೆ. ಎಣ್ಣೆಯ ಪೋಸ್ಟೂ ಸೈಟಿನ ಪೋಸ್ಟೂ ಉಳಿದವುಗಳ ವೇಷದಲ್ಲೇ ಬರುತ್ತವೆ: ದುಂಡನೆಯ ಚಿತ್ರ, ಪಕ್ಕದಲ್ಲಿ ಹೆಸರು, ಕೆಳಗೆ ಲೈಕು, ಕಾಮೆಂಟು. ವ್ಯತ್ಯಾಸ ಇರುವುದು ಹೆಸರಿನ ಕೆಳಗಿನ ಸಣ್ಣ ಬೂದು ಅಕ್ಷರಗಳಲ್ಲಿ ಮಾತ್ರ. ಇಂಗ್ಲಿಷ್‌ನಲ್ಲಿ ಬಳಸುವವರಿಗೆ ಅಲ್ಲಿ ‘ಸ್ಪಾನ್ಸರ್ಡ್’ ಎಂದಿರುತ್ತದೆ, ಕನ್ನಡದಲ್ಲಿ ಬಳಸುವವರಿಗೆ ‘ಪ್ರಾಯೋಜಿತ’. ಫೀಡ್‌ನಿಂದ ಜಾಹೀರಾತು ತೆಗೆಯುವವರ ಕೆಲಸವೆಲ್ಲ ಈ ಒಂದು ಪದವನ್ನು ಹುಡುಕಿ ಹಿಡಿಯುವುದು. ತೆಗೆಯದಂತೆ ನೋಡಿಕೊಳ್ಳುವ ಕಂಪನಿಯ ಕೆಲಸವೆಲ್ಲ ಅದನ್ನು ಬಚ್ಚಿಡುವುದು.

ಸಾಮಾನ್ಯ ಜಾಲತಾಣಗಳಲ್ಲಿ ಜಾಹೀರಾತು ತಡೆಯುವುದು ಇಷ್ಟು ಕಷ್ಟವಲ್ಲ. ಅಲ್ಲಿ ಸುದ್ದಿ ಬರುವುದು ಒಂದು ಸರ್ವರ್‌ನಿಂದ, ಜಾಹೀರಾತು ಬರುವುದು ಇನ್ನೊಂದರಿಂದ. ಎರಡನೆಯದರ ವಿಳಾಸಕ್ಕೆ ಅಡ್ಡ ಹಾಕಿದರೆ ಮುಗಿಯಿತು. ಫೋನಿನಲ್ಲಿ ಪ್ರೈವೇಟ್ ಡಿಎನ್ಎಸ್ ಬದಲಿಸಿಕೊಂಡವರು, ಮನೆಯ ರೌಟರ್‌ಗೆ ಪೈ-ಹೋಲ್ ಜೋಡಿಸಿಕೊಂಡವರು ಮಾಡುವುದು ಇದನ್ನೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಲಿಂಕ್ಡ್‌ಇನ್‌ಗಳ ಫೀಡ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ನಾಮಕರಣದ ಫೋಟೊ, ಮೊಣಕಾಲಿನ ಎಣ್ಣೆ ಎರಡೂ ಒಂದೇ ವಿಳಾಸದಿಂದ, ಒಂದೇ ಕಟ್ಟಿನಲ್ಲಿ ಬರುತ್ತವೆ. ಪತ್ರಿಕೆಯ ನಡುವೆ ತುರುಕಿದ ಕರಪತ್ರವನ್ನು ಕೊಡವಿ ಉದುರಿಸಬಹುದು, ಪುಟದಲ್ಲೇ ಅಚ್ಚಾದ ಜಾಹೀರಾತು ಉದುರುವುದಿಲ್ಲ. ಅದನ್ನು ತೆಗೆಯಬೇಕಾದರೆ ಪುಟ ಬ್ರೌಸರ್‌ಗೆ ಬಂದು ಬಿಡಿಸಿಕೊಂಡ ಮೇಲೆ ಒಂದೊಂದೇ ಪೋಸ್ಟನ್ನು ಓದಿ, ‘ಇದು ಜಾಹೀರಾತು’ ಎಂದು ಗುರುತಿಸಿ ಮರೆಮಾಡಬೇಕು. ಈ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮಿಗೆ ಯೂಸರ್‌ಸ್ಕ್ರಿಪ್ಟ್ ಎನ್ನುತ್ತಾರೆ.

ಜಾಲತಾಣದವರು ಬರೆಯದ, ಓದುಗನೇ ತನ್ನ ಬ್ರೌಸರ್‌ನಲ್ಲಿ ಸೇರಿಸಿಕೊಳ್ಳುವ ಜಾವಾಸ್ಕ್ರಿಪ್ಟ್ ಇದು. ಪುಟ ತೆರೆದ ಕೂಡಲೇ ಓಡುತ್ತದೆ, ಪುಟದಲ್ಲಿರುವ ಏನನ್ನು ಬೇಕಾದರೂ ಓದುತ್ತದೆ, ಬದಲಿಸುತ್ತದೆ, ಅಡಗಿಸುತ್ತದೆ. ಆರನ್ ಬೂಡ್‌ಮನ್ ಎಂಬ ಪ್ರೋಗ್ರಾಮರ್ 2004-05ರ ಹೊತ್ತಿಗೆ ಫೈರ್‌ಫಾಕ್ಸ್‌ಗಾಗಿ ಗ್ರೀಸ್‌ಮಂಕಿ ಎಂಬ ಎಕ್ಸ್‌ಟೆನ್ಷನ್ ಬರೆದಾಗ ಈ ಪದ್ಧತಿ ಶುರುವಾಯಿತು. ಅಲ್ಲಿಂದಾಚೆ ಈ ಜಾತಿಯ ಎಕ್ಸ್‌ಟೆನ್ಷನ್‌ಗಳ ಹೆಸರಿಗೆ ಹೆಚ್ಚಾಗಿ ಮಂಗ ಅಂಟಿಕೊಂಡಿದೆ. ಇವತ್ತು ಹೆಚ್ಚು ಬಳಕೆಯಲ್ಲಿರುವುದು ಟ್ಯಾಂಪರ್‌ಮಂಕಿ ಮತ್ತು ವಯಲೆಂಟ್‌ಮಂಕಿ. ಇವು ತಾವಾಗಿ ಏನನ್ನೂ ತಡೆಯುವುದಿಲ್ಲ. ಸ್ಕ್ರಿಪ್ಟ್‌ಗಳನ್ನು ಇಟ್ಟುಕೊಂಡು, ಯಾವ ತಾಣದಲ್ಲಿ ಯಾವುದು ಓಡಬೇಕೆಂದು ನೋಡಿಕೊಳ್ಳುವ ಮೇಲ್ವಿಚಾರಕರು ಅಷ್ಟೇ.

ಅಪಾಯದ ಪಾಠವೂ ಆರಂಭದಲ್ಲೇ ಸಿಕ್ಕಿತ್ತು. 2005ರ ಜುಲೈನಲ್ಲಿ ಮಾರ್ಕ್ ಪಿಲ್‌ಗ್ರಿಂ ಅವರು ಗ್ರೀಸ್‌ಮಂಕಿಯಲ್ಲಿ ದೊಡ್ಡದೊಂದು ತೂತು ಕಂಡುಹಿಡಿದರು. ಕೆಟ್ಟ ಉದ್ದೇಶದ ಜಾಲತಾಣವೊಂದು ಅದರ ಮೂಲಕ ಬಳಕೆದಾರರ ಕಂಪ್ಯೂಟರಿನ ಯಾವ ಫೈಲನ್ನಾದರೂ ಓದಬಹುದಿತ್ತು. ಆ ತೂತು ಮುಚ್ಚಿ ಬಹಳ ಕಾಲವಾಯಿತು. ಆದರೆ ಜಾಹೀರಾತು ಅಡಗಿಸಬಲ್ಲ ಸ್ಕ್ರಿಪ್ಟ್ ಅದೇ ಪುಟದಲ್ಲಿರುವ ನಿಮ್ಮ ಇನ್‌ಬಾಕ್ಸನ್ನೂ ಓದಬಲ್ಲದು ಎಂಬುದು ಅಂದಿನಂತೆ ಇಂದೂ ನಿಜ. ಇನ್‌ಸ್ಟಾಲ್ ಗುಂಡಿ ಒತ್ತುವ ಮುಂಚೆ ಇದು ತಲೆಯಲ್ಲಿರಲಿ.

ಫೇಸ್‌ಬುಕ್ ಜಾಹೀರಾತು ತೆಗೆಯುವವರ ಜೊತೆ ಬಹಿರಂಗವಾಗಿ ಜಗಳಕ್ಕೆ ಇಳಿದದ್ದು 2016ರ ಆಗಸ್ಟ್ 9ರಂದು. ಕಂಪ್ಯೂಟರಿನಲ್ಲಿ ಆ್ಯಡ್‌ಬ್ಲಾಕರ್ ಬಳಸುವವರಿಗೂ ಇನ್ನುಮುಂದೆ ಜಾಹೀರಾತು ತೋರಿಸುತ್ತೇವೆ ಎಂದು ಕಂಪನಿ ಅಂದು ಪ್ರಕಟಿಸಿತು. ಎರಡೇ ದಿನಕ್ಕೆ ಆ್ಯಡ್‌ಬ್ಲಾಕ್ ಪ್ಲಸ್ ಬಳಗದವರು ಅದನ್ನು ಮುರಿಯುವ ಫಿಲ್ಟರ್ ಹೊರತಂದರು. ಫೇಸ್‌ಬುಕ್ ಕೋಡ್ ಬದಲಿಸಿತು, ಇವರೂ ಬದಲಿಸಿದರು. ಅಂದಿನಿಂದ ಈ ಹಗ್ಗಜಗ್ಗಾಟ ನಿಂತಿಲ್ಲ.

ಬಚ್ಚಿಡುವ ವರಸೆಗಳು ಸ್ವಾರಸ್ಯಕರವಾಗಿವೆ. ಕಣ್ಣಿಗೆ ‘ಸ್ಪಾನ್ಸರ್ಡ್’ ಎಂದು ನೆಟ್ಟಗೆ ಕಾಣುವ ಪದವನ್ನು ಕೋಡ್‌ನಲ್ಲಿ ಒಂದೊಂದೇ ಅಕ್ಷರವಾಗಿ ಒಡೆದು, ನಡುನಡುವೆ ಕಾಣದ ‘ಎಸ್’ಗಳನ್ನು ತುಂಬಿದರು. ಮನುಷ್ಯ ಓದಿದರೆ ಸರಿಯಾದ ಪದ, ಸ್ಕ್ರಿಪ್ಟ್ ಓದಿದರೆ ಬರೀ ತೊದಲು. ಸ್ಕ್ರಿಪ್ಟ್ ಬರೆಯುವವರು ಕಾಣದ ಅಕ್ಷರಗಳನ್ನು ಬಿಟ್ಟು ಓದಲು ಕಲಿತರು. ಆಗ ಅಕ್ಷರಗಳ ಕ್ರಮವನ್ನೇ ಕಲಸಿ, ಪರದೆಯ ಮೇಲೆ ಮಾತ್ರ ಸಾಲಾಗಿ ನಿಲ್ಲುವಂತೆ ಮಾಡಿದರು. ಆಮೇಲೆ ಪದವನ್ನು ಪುಟದ ಇನ್ಯಾವುದೋ ಮೂಲೆಯಲ್ಲಿಟ್ಟು ಪೋಸ್ಟಿನೊಳಗೆ ಅದರ ಚಿತ್ರವನ್ನಷ್ಟೇ ತೋರಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ದ ಮಾರ್ಕಪ್ ಎಂಬ ಸುದ್ದಿತಾಣ ವರದಿ ಮಾಡಿದಂತೆ, ಇಂಥದೊಂದು ಬದಲಾವಣೆಯಿಂದ ತೊಂದರೆಯಾದದ್ದು ಜಾಹೀರಾತು ಅಧ್ಯಯನ ಮಾಡುವ ಉಪಕರಣಗಳಿಗಷ್ಟೇ ಅಲ್ಲ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗಳಿಗೂ ಹೌದು.

ಇಷ್ಟೆಲ್ಲ ಕಷ್ಟಪಡುವ ಬದಲು ಪದವನ್ನೇ ಕಿತ್ತುಹಾಕಬಾರದೆ? ಆಗುವುದಿಲ್ಲ. ಜಾಹೀರಾತನ್ನು ಜಾಹೀರಾತೆಂದು ಹೇಳಲೇಬೇಕು ಎಂಬ ನಿಯಮ ಅನೇಕ ದೇಶಗಳಲ್ಲಿದೆ. ಭಾರತದಲ್ಲೂ 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೆಸರಿಸಿದ 13 ಬಗೆಯ ಮೋಸಗಳಲ್ಲಿ ವೇಷ ಮರೆಸಿದ ಜಾಹೀರಾತೂ ಒಂದು. ಹೀಗಾಗಿ ಪದ ಕಣ್ಣಿಗೆ ಕಾಣಲೇಬೇಕು. 2017ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ಸಂಗಡಿಗರು ಹಿಡಿದ ಜಾಡು ಇದೇ. ಕೋಡ್ ಓದುವುದನ್ನು ಬಿಟ್ಟು, ಮನುಷ್ಯನಿಗೆ ಏನು ಕಾಣುತ್ತದೋ ಅದನ್ನೇ ನೋಡಿ ಜಾಹೀರಾತು ಗುರುತಿಸುವ ಎಕ್ಸ್‌ಟೆನ್ಷನ್ನನ್ನು ಅವರು ಮಾದರಿಗಾಗಿ ಕಟ್ಟಿ ತೋರಿಸಿದರು.

ಎಲ್ಲ ತಾಣಗಳೂ ಇಷ್ಟು ಹಟಮಾರಿಗಳಲ್ಲ. ರೆಡ್ಡಿಟ್‌ನ ಈಗಿನ ವಿನ್ಯಾಸದಲ್ಲಿ ಜಾಹೀರಾತಿನ ಡಬ್ಬಿಯ ಹೆಸರಲ್ಲೇ ‘ಆ್ಯಡ್ ಪೋಸ್ಟ್’ ಎಂದಿದೆ. ಅದನ್ನು ಅಡಗಿಸಲು ಸ್ಕ್ರಿಪ್ಟ್ ಕೂಡ ಬೇಡ, ಒಂದು ಸಾಲಿನ ಶೈಲಿ ನಿಯಮ ಸಾಕು. ಲಿಂಕ್ಡ್‌ಇನ್‌ನ ‘ಪ್ರಮೋಟೆಡ್’, ಎಕ್ಸ್‌ನ ‘ಆ್ಯಡ್’ ರೆಡ್ಡಿಟ್‌ಗೂ ಫೇಸ್‌ಬುಕ್‌ಗೂ ನಡುವಿನವು. ಫೇಸ್‌ಬುಕ್ ಒಂದೇ ದೊಡ್ಡ ತಲೆನೋವು.

ಇನ್ನು ಕೆಲಸಕ್ಕೆ ಬರೋಣ. ಹೊಸಬರು ನೇರವಾಗಿ ಸ್ಕ್ರಿಪ್ಟ್‌ಗೆ ಕೈ ಹಾಕುವುದು ಬೇಡ. ಮೊದಲು ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಆರಿಜಿನ್ ಹಾಕಿಕೊಳ್ಳಿ. ರೇಮಂಡ್ ಹಿಲ್ ಬರೆದ, ಯಾರಿಂದಲೂ ಹಣ ಪಡೆಯದೆ ನಡೆಯುತ್ತಿರುವ, ಕೋಡ್ ಎಲ್ಲರಿಗೂ ತೆರೆದಿರುವ ಎಕ್ಸ್‌ಟೆನ್ಷನ್ ಅದು. ಅದರ ಫಿಲ್ಟರ್ ಪಟ್ಟಿಗಳನ್ನು ಸ್ವಯಂಸೇವಕರು ಆಗಾಗ ತಿದ್ದುತ್ತಲೇ ಇರುತ್ತಾರೆ. ಫೇಸ್‌ಬುಕ್ ತನ್ನ ಪದವನ್ನು ಹೊಸದಾಗಿ ಬಚ್ಚಿಟ್ಟಾಗ ಅವರೂ ಹೊಸ ನಿಯಮ ಬರೆಯುತ್ತಾರೆ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ. ಕ್ರೋಮ್ ಬಳಸುವವರಿಗೆ ಈ ಅನುಕೂಲ ಈಗ ಇಲ್ಲ. ಗೂಗಲ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳನ್ನು ಬದಲಿಸಿ 2024-25ರಲ್ಲಿ ಹಳೆಯ ಬಗೆಯವನ್ನು ಹಂತಹಂತವಾಗಿ ನಿಲ್ಲಿಸಿದ್ದರಿಂದ ಅಲ್ಲಿ ಉಳಿದಿರುವುದು ಯುಬ್ಲಾಕ್ ಆರಿಜಿನ್ ಲೈಟ್. ಹೆಸರಿಗೆ ತಕ್ಕಂತೆ ಅದರ ಕಸುವು ಕಡಿಮೆ. ಜಾಹೀರಾತಿನಿಂದಲೇ ಬದುಕುವ ಕಂಪನಿಯ ಬ್ರೌಸರ್‌ನಲ್ಲಿ ಕುಳಿತು ಜಾಹೀರಾತಿನ ಮೇಲೆ ಯುದ್ಧ ಹೂಡುವುದಕ್ಕಿಂತ ಈ ಒಂದು ಕೆಲಸಕ್ಕಾದರೂ ಫೈರ್‌ಫಾಕ್ಸ್ ಇಟ್ಟುಕೊಳ್ಳುವುದು ಮೇಲು.

ಫೇಸ್‌ಬುಕ್ಕೇ ಮುಖ್ಯ ತಾಣವಾಗಿದ್ದವರಿಗೆ ಎರಡನೆಯ ಮೆಟ್ಟಿಲು ಎಫ್.ಬಿ. ಪ್ಯೂರಿಟಿ. 2009ರಲ್ಲಿ ಗ್ರೀಸ್‌ಮಂಕಿ ಸ್ಕ್ರಿಪ್ಟ್ ಆಗಿ ಹುಟ್ಟಿ ಆಮೇಲೆ ಎಕ್ಸ್‌ಟೆನ್ಷನ್ ರೂಪ ಪಡೆದದ್ದು. ಜಾಹೀರಾತಲ್ಲದೆ ‘ನಿಮಗಾಗಿ ಸೂಚಿಸಲಾಗಿದೆ’ ಎಂದು ಬರುವ ಅಪರಿಚಿತ ಪೋಸ್ಟ್‌ಗಳು, ರೀಲ್ಸ್ ಪಟ್ಟಿ, ಬೇಡದ ಪದಗಳಿರುವ ಬರಹ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಟಿಕ್ ಗುರುತುಗಳಿವೆ. ಫೀಡ್ ಹಾಳಾಗಿರುವುದು ಜಾಹೀರಾತಿಗಿಂತ ಹೆಚ್ಚಾಗಿ ಈ ‘ಸೂಚನೆ’ಗಳಿಂದ ಎನ್ನುವವರಿಗೆ ಅದು ಒಳ್ಳೆಯ ಮದ್ದು. ಎಕ್ಸ್ ಬಳಸುವವರಿಗೆ ಇದೇ ಬಗೆಯಲ್ಲಿ ಕಂಟ್ರೋಲ್ ಪ್ಯಾನೆಲ್ ಫಾರ್ ಟ್ವಿಟರ್ ಇದೆ.

ಇವೆರಡರಿಂದಲೂ ತೃಪ್ತಿಯಾಗದಿದ್ದರೆ ಯೂಸರ್‌ಸ್ಕ್ರಿಪ್ಟ್. ಫೈರ್‌ಫಾಕ್ಸ್‌ನಲ್ಲಿ ಕೋಡ್ ತೆರೆದಿರುವ ವಯಲೆಂಟ್‌ಮಂಕಿ, ಕ್ರೋಮ್‌ನಲ್ಲಿ ಟ್ಯಾಂಪರ್‌ಮಂಕಿ ಹಾಕಿಕೊಳ್ಳಿ. ಕ್ರೋಮ್‌ನಲ್ಲಿ ಒಂದು ಕೊಕ್ಕೆ ಇದೆ: ಎಕ್ಸ್‌ಟೆನ್ಷನ್‌ನ ವಿವರಗಳ ಪುಟಕ್ಕೆ ಹೋಗಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಎಂಬ ಸ್ವಿಚ್ಚನ್ನು ಆನ್ ಮಾಡದೆ ಇದ್ದರೆ ಒಂದು ಸ್ಕ್ರಿಪ್ಟೂ ಓಡುವುದಿಲ್ಲ. ಸ್ವಲ್ಪ ಹಳೆಯ ಆವೃತ್ತಿಗಳಲ್ಲಿ ಇದರ ಬದಲು ಡೆವಲಪರ್ ಮೋಡ್ ಆನ್ ಮಾಡಬೇಕಿತ್ತು. ‘ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರ ದೂರಿಗೆ ಬಹುಪಾಲು ಕಾರಣ ಈ ಸ್ವಿಚ್.

ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಸಿಗುವುದು ಗ್ರೀಸಿ ಫೋರ್ಕ್ ಎಂಬ ಉಗ್ರಾಣದಲ್ಲಿ. ಅಲ್ಲಿ ತಾಣದ ಹೆಸರು ಹುಡುಕಿದರೆ ಉದ್ದನೆಯ ಪಟ್ಟಿ ಬರುತ್ತದೆ. ಹೆಸರು ಎಷ್ಟು ಆಕರ್ಷಕವಾಗಿದೆ ಎಂದು ನೋಡಿ ಆರಿಸಬೇಡಿ. ಕೊನೆಯ ಬಾರಿ ತಿದ್ದಿದ ದಿನಾಂಕ ನೋಡಿ. ಫೇಸ್‌ಬುಕ್‌ನ ಜಾಹೀರಾತು ಅಡಗಿಸುವ ಸ್ಕ್ರಿಪ್ಟ್ ವರ್ಷದಿಂದ ಮುಟ್ಟದೆ ಬಿದ್ದಿದ್ದರೆ ಅದು ಸತ್ತಿದೆ ಎಂದೇ ತಿಳಿಯಬಹುದು. ಆಮೇಲೆ ಕೋಡ್ ತೋರಿಸುವ ಟ್ಯಾಬ್ ತೆರೆಯಿರಿ. ಜಾವಾಸ್ಕ್ರಿಪ್ಟ್ ಬಾರದವರೂ ಅದರ ತಲೆಭಾಗದ ಹತ್ತಿಪ್ಪತ್ತು ಸಾಲು ಓದಬಲ್ಲರು, ಓದಲೇಬೇಕು.

ಆ ಸಾಲುಗಳಲ್ಲಿ ‘ಮ್ಯಾಚ್’ ಎಂಬುದು ಸ್ಕ್ರಿಪ್ಟ್ ಯಾವ ತಾಣಗಳಲ್ಲಿ ಓಡುತ್ತದೆ ಎಂದು ಹೇಳುತ್ತದೆ. ಫೇಸ್‌ಬುಕ್‌ಗಾಗಿ ಬರೆದದ್ದೆಂದು ಹೇಳಿಕೊಂಡು ಅಲ್ಲಿ ಎಲ್ಲ ತಾಣಗಳನ್ನೂ ಸೂಚಿಸುವ ನಕ್ಷತ್ರ ಚಿಹ್ನೆ ಹಾಕಿದ್ದರೆ ಬಿಟ್ಟುಬಿಡಿ. ನಿಮ್ಮ ಬ್ಯಾಂಕಿನ ಪುಟದಲ್ಲಿ ಅದಕ್ಕೇನು ಕೆಲಸ? ‘ಗ್ರ್ಯಾಂಟ್’ ಎಂಬುದು ಕೇಳುವ ಅನುಮತಿಗಳ ಪಟ್ಟಿ. ಅಡಗಿಸುವ ಕೆಲಸಕ್ಕೆ ಹೆಚ್ಚೆಂದರೆ ಸೆಟ್ಟಿಂಗ್ ಉಳಿಸಿಕೊಳ್ಳುವ ಅನುಮತಿ ಸಾಕು. ಬೇರೆ ಸರ್ವರ್‌ಗಳ ಜೊತೆ ಮಾತಾಡುವ ‘ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್’ ಅನುಮತಿ ಕೇಳಿದ್ದರೆ ಯಾಕೆಂದು ವಿವರಣೆಯಲ್ಲಿ ಬರೆದಿರಬೇಕು. ‘ರಿಕ್ವೈರ್’ ಎಂಬುದು ಹೊರಗಿನಿಂದ ಎಳೆದುಕೊಳ್ಳುವ ಇನ್ನೊಂದು ಕೋಡ್. ಅದು ಹೆಸರು ಕೇಳದ ವಿಳಾಸದಿಂದ ಬರುತ್ತಿದ್ದರೆ ನೀವು ಓದಿದ ಕೋಡ್ ಒಂದು, ಓಡುವ ಕೋಡ್ ಮತ್ತೊಂದು. ಕೆಳಗಿನ ಭಾಗ ಅರ್ಥವಾಗದ ಅಕ್ಷರಗಳ ಗಂಟಾಗಿದ್ದರೂ ದೂರ ಇರಿ. ಸಾಚಾ ಸ್ಕ್ರಿಪ್ಟ್ ಬರೆದವರಿಗೆ ಅದನ್ನು ಮುಚ್ಚಿಡುವ ಅಗತ್ಯ ಇರುವುದಿಲ್ಲ.

ಒಳ್ಳೆಯ ಸ್ಕ್ರಿಪ್ಟ್‌ನ ಒಳಗೆ ನಡೆಯುವುದು ಸರಳ ಲೆಕ್ಕ. ಫೀಡ್ ಕೆಳಗೆ ಸರಿದಂತೆ ಹೊಸ ಪೋಸ್ಟ್‌ಗಳು ಬಂದು ಸೇರುತ್ತವೆ. ‘ಮ್ಯುಟೇಶನ್ ಅಬ್ಸರ್ವರ್’ ಎಂಬ ಬ್ರೌಸರ್ ಸೌಲಭ್ಯ ಅದನ್ನು ಗಮನಿಸಿ ಸ್ಕ್ರಿಪ್ಟನ್ನು ಎಬ್ಬಿಸುತ್ತದೆ. ಸ್ಕ್ರಿಪ್ಟ್ ಆ ಪೋಸ್ಟ್‌ಗಳಲ್ಲಿ ಪದವನ್ನೋ ಜಾಹೀರಾತಿನ ಲಿಂಕಿನ ಬಾಲವನ್ನೋ ಹುಡುಕುತ್ತದೆ, ಸಿಕ್ಕರೆ ಆ ಪೋಸ್ಟಿನ ಡಬ್ಬಿಯನ್ನು ಕಾಣದಂತೆ ಮಾಡುತ್ತದೆ. ಅಳಿಸುವುದಿಲ್ಲ, ಅಡಗಿಸುತ್ತದೆ ಅಷ್ಟೇ. ಅಳಿಸಿದರೆ ಪುಟದ ಸ್ವಂತ ಕೋಡ್ ಕಂಗಾಲಾಗಿ ಫೀಡ್ ಅರ್ಧಕ್ಕೆ ನಿಂತುಬಿಡಬಹುದು.

ಕನ್ನಡದಲ್ಲಿ ಫೇಸ್‌ಬುಕ್ ಬಳಸುವವರಿಗೆ ಇಲ್ಲೊಂದು ಬೇರೆ ತೊಡಕಿದೆ. ಪಠ್ಯ ಹುಡುಕುವ ಸ್ಕ್ರಿಪ್ಟ್‌ಗಳಲ್ಲಿ ನಾನಾ ಭಾಷೆಗಳ ಪದಗಳ ಪಟ್ಟಿ ಇರುತ್ತದೆ. ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಇರುವಲ್ಲೆಲ್ಲ ಕನ್ನಡ ಇರುತ್ತದೆಂದು ಹೇಳಲಾಗದು. ಎಲ್ಲರಿಗೂ ಓಡುವ ಸ್ಕ್ರಿಪ್ಟ್ ನಿಮ್ಮಲ್ಲಿ ಮಾತ್ರ ಓಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಆ ಪಟ್ಟಿಗೆ ‘ಪ್ರಾಯೋಜಿತ’ ಸೇರಿಸಿ ಉಳಿಸಿದರೆ ಸರಿಹೋಗಬಹುದು. ನೆನಪಿನಿಂದ ಟೈಪ್ ಮಾಡುವ ಬದಲು ಫೀಡ್‌ನಲ್ಲಿ ಕಾಣುವುದನ್ನೇ ನೋಡಿ ಅಕ್ಷರಶಃ ಹಾಗೇ ಬರೆಯಿರಿ. ಅಷ್ಟು ತೊಂದರೆ ಬೇಡವೆನ್ನುವವರು ಮೆನುವಿನ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ. ಕನ್ನಡದ ಮೆನು ಬೇಕೆಂದು ಹಟ ಹಿಡಿದವರಿಗೆ ಇದು ಬೇಸರದ ಸಂಗತಿಯೇ. ಕನ್ನಡ ಬಲ್ಲ ಪ್ರೋಗ್ರಾಮರ್‌ಗಳು ಸ್ಕ್ರಿಪ್ಟ್‌ನ ಲೇಖಕರಿಗೆ ಆ ಒಂದು ಪದ ಕಳಿಸಿಕೊಟ್ಟರೆ ಎಲ್ಲರಿಗೂ ಉಪಕಾರ.

ಪದ ಸೋಸುವ ಸೌಲಭ್ಯದಲ್ಲಂತೂ ಕನ್ನಡಿಗರು ಇನ್ನಷ್ಟು ಎಚ್ಚರವಾಗಿರಬೇಕು. ಸಾಲ ಕೊಡುವ ಆ್ಯಪ್‌ಗಳ ಕಾಟ ತಾಳಲಾರದೆ ಯಾರೋ ‘ಸಾಲ’ ಎಂಬ ಪದವನ್ನು ಬೇಡದ ಪಟ್ಟಿಗೆ ಹಾಕುತ್ತಾರೆ ಎನ್ನೋಣ. ಕಂಪ್ಯೂಟರಿಗೆ ಕನ್ನಡದ ಒತ್ತು, ಗುಣಿತ ಎಲ್ಲ ಅಕ್ಷರದ ಬೆನ್ನಿಗೆ ಬರುವ ಬೇರೆ ಬೇರೆ ಸಂಕೇತಗಳು. ‘ಸಾಲು’ ಎಂದರೆ ಅದರ ಲೆಕ್ಕದಲ್ಲಿ ‘ಸಾಲ’ದ ಮುಂದೆ ಒಂದು ಕೊಂಬು. ಪರಿಣಾಮ, ಸಾಲದ ಜಾಹೀರಾತಿನ ಜೊತೆಗೆ ಸಾಲುಮರದ ತಿಮ್ಮಕ್ಕನವರ ಬಗೆಗಿನ ಪೋಸ್ಟೂ ಮಾಯ, ಸಾಲಿಗ್ರಾಮದ ಜಾತ್ರೆಯೂ ಮಾಯ. ಇಂಗ್ಲಿಷ್‌ನಲ್ಲಿ ಪದದ ಅಂಚು ಗುರುತಿಸಲು ಬಳಸುವ ಸಂಕೇತ ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಅಕ್ಷರಗಳಿಗೆ ಕೆಲಸ ಮಾಡುವುದಿಲ್ಲವಾದ್ದರಿಂದ ಆ ದಾರಿಯೂ ಮುಚ್ಚಿದೆ. ಹೀಗಾಗಿ ‘ತಕ್ಷಣ ಸಾಲ’, ‘ಹೂಡಿಕೆ ಮಾಡಿ’ ಎಂಬಂತೆ ಜೋಡಿ ಪದಗಳನ್ನು ಕೊಡುವುದು ಕ್ಷೇಮ.

ಇದರ ಉಲ್ಟಾ ತೊಂದರೆಯೂ ಇದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಹಾಕದೆ ಬರೆದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಓದುವವರಿಗೆ ಎರಡೂ ಒಂದೇ, ಸ್ಕ್ರಿಪ್ಟ್‌ಗೆ ಎರಡೂ ಬೇರೆ. ‘ಆನ್‌ಲೈನ್’, ‘ಕ್ಯಾಶ್‌ಬ್ಯಾಕ್’ ಮೊದಲಾದ ಜಾಹೀರಾತಿನ ಮೆಚ್ಚಿನ ಪದಗಳೆಲ್ಲ ಈ ಜಾತಿಯವೇ ಆದ್ದರಿಂದ ಎರಡು ರೂಪಗಳನ್ನೂ ಪಟ್ಟಿಗೆ ಸೇರಿಸಬೇಕು.

ಅಪಾಯದ ಮಾತಿಗೆ ಮತ್ತೆ ಬರಲೇಬೇಕು, ಏಕೆಂದರೆ ಇಲ್ಲಿ ಮೋಸ ಬರುವುದು ಬಹಳ ಸಲ ನಂಬಿದ ಬಾಗಿಲಿನಿಂದ. ನ್ಯಾನೋ ಆ್ಯಡ್‌ಬ್ಲಾಕರ್ ಮತ್ತು ನ್ಯಾನೋ ಡಿಫೆಂಡರ್ ಎಂಬ ಎರಡು ಎಕ್ಸ್‌ಟೆನ್ಷನ್‌ಗಳಿಗೆ ಒಟ್ಟು 3 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದರು. 2020ರ ಅಕ್ಟೋಬರ್‌ನಲ್ಲಿ ಅವುಗಳ ಲೇಖಕ ಅವನ್ನು ಬೇರೆಯವರಿಗೆ ಮಾರಿದ. ಮುಂದಿನ ಅಪ್‌ಡೇಟ್ ಬಂದ ಮೇಲೆ ಬಳಕೆದಾರರ ಇನ್‌ಸ್ಟಾಗ್ರಾಂ ಖಾತೆಗಳು ತಾವಾಗಿಯೇ ಯಾರ್‍ಯಾರದೋ ಚಿತ್ರಗಳಿಗೆ ಲೈಕ್ ಒತ್ತತೊಡಗಿದವು. ಹೊಸ ಕೋಡ್ ಏನು ಮಾಡುತ್ತಿದೆ ಎಂದು ಬಿಡಿಸಿ ತೋರಿಸಿದವರು ಅದೇ ರೇಮಂಡ್ ಹಿಲ್. ಪುಟಗಳ ಬಣ್ಣ, ವಿನ್ಯಾಸ ಬದಲಿಸುವ ಸ್ಟೈಲಿಶ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ ಬಳಕೆದಾರರು ಭೇಟಿಕೊಟ್ಟ ಪುಟಗಳ ವಿವರವನ್ನೆಲ್ಲ ಕಳಿಸುತ್ತಿದೆ ಎಂದು 2018ರ ಜುಲೈನಲ್ಲಿ ಬಯಲಾಗಿ, ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಅದನ್ನು ಆಗ ತೆಗೆದುಹಾಕಿದವು. ಶೈಲಿ ನಿಯಮ ಬರೆಯುವ ಆಸೆಯಿದ್ದವರು ಅದರ ಬದಲು ಸ್ಟೈಲಸ್ ಬಳಸಬಹುದು. 2023ರ ಮಾರ್ಚ್‌ನ ಕಥೆ ಇನ್ನೂ ವಿಚಿತ್ರ: ಚಾಟ್‌ಜಿಪಿಟಿಗೆ ದಾರಿ ಎಂದು ಹೇಳಿಕೊಂಡ ಖೊಟ್ಟಿ ಎಕ್ಸ್‌ಟೆನ್ಷನ್ ಒಂದು ಜನರ ಫೇಸ್‌ಬುಕ್ ಖಾತೆಗಳನ್ನು ಕದಿಯುತ್ತಿತ್ತು. ಅದು ಹರಡಿದ್ದು ಫೇಸ್‌ಬುಕ್‌ನದೇ ಪ್ರಾಯೋಜಿತ ಪೋಸ್ಟ್‌ಗಳ ಮೂಲಕ.

ಹಾಗೆಯೇ ‘ಎಫ್12 ಒತ್ತಿ, ಈ ಕೋಡ್ ಪೇಸ್ಟ್ ಮಾಡಿ, ಜಾಹೀರಾತು ಹೋಗುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಲಹೆಯನ್ನು ಎಂದೂ ಪಾಲಿಸಬೇಡಿ. ಫೇಸ್‌ಬುಕ್‌ನಲ್ಲಿ ಆ ಕನ್ಸೋಲ್ ತೆರೆದರೆ ‘ನಿಲ್ಲಿ’ ಎಂಬ ದೊಡ್ಡ ಅಕ್ಷರದ ಎಚ್ಚರಿಕೆ ಕಾಣುವುದು ಇಂಥ ವಂಚನೆಗಳಿಂದಾಗಿಯೇ. ಈ ವಿಷಯದಲ್ಲಿ ಕಂಪನಿ ಹೇಳುವುದು ಪೂರ್ತಿ ಸರಿ.

ನಮ್ಮಲ್ಲಿ ಬಹುಪಾಲು ಜನ ಫೇಸ್‌ಬುಕ್ ನೋಡುವುದು ಫೋನಿನ ಆ್ಯಪ್‌ನಲ್ಲಿ. ಅಲ್ಲಿ ಸ್ಕ್ರಿಪ್ಟ್‌ಗೆ ಪ್ರವೇಶವೇ ಇಲ್ಲ. ದಾರಿ ಒಂದೇ: ಆ್ಯಪ್ ತೆಗೆದು ಬ್ರೌಸರ್‌ನಲ್ಲಿ ನೋಡುವುದು. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ 2023ರ ಡಿಸೆಂಬರ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿಗೆ ಬಾಗಿಲನ್ನು ಅಗಲವಾಗಿ ತೆರೆದ ಮೇಲೆ ಇದು ಸುಲಭವಾಗಿದೆ; ಯುಬ್ಲಾಕ್ ಆರಿಜಿನ್, ಟ್ಯಾಂಪರ್‌ಮಂಕಿ ಎರಡೂ ಅಲ್ಲಿ ಸಿಗುತ್ತವೆ. ಮೊದಲು ಬಹಳ ಜನ ಬಳಸುತ್ತಿದ್ದ ಕಿವಿ ಬ್ರೌಸರ್ 2025ರ ಜನವರಿಯಲ್ಲಿ ನಿಂತುಹೋಗಿದೆ. ಅದನ್ನು ಇನ್ನೂ ಇಟ್ಟುಕೊಂಡವರು ತೆಗೆಯುವುದು ಒಳ್ಳೆಯದು. ಐಫೋನ್‌ನವರಿಗೆ ಸಫಾರಿಯಲ್ಲಿ ಕೆಲಸ ಮಾಡುವ ‘ಯೂಸರ್‌ಸ್ಕ್ರಿಪ್ಟ್ಸ್’ ಎಂಬ ಉಚಿತ ಆ್ಯಪ್ ಇದೆ. ಫೋನಿನ ಪುಟದ ಒಳರಚನೆ ಕಂಪ್ಯೂಟರಿನದಕ್ಕಿಂತ ಬೇರೆಯಾದ್ದರಿಂದ ಅಲ್ಲಿ ಓಡಿದ್ದು ಇಲ್ಲಿ ಓಡುತ್ತದೆಂಬ ಭರವಸೆಯಿಲ್ಲ. ಜಾಹೀರಾತು ತೆಗೆದ ‘ಮಾಡ್’ ಆ್ಯಪ್ ಎಂದು ಟೆಲಿಗ್ರಾಂನಲ್ಲಿ ಹಂಚುವ ಫೈಲ್‌ಗಳ ತಂಟೆಗಂತೂ ಹೋಗಬಾರದು. ಪಾಸ್‌ವರ್ಡನ್ನು ಅಪರಿಚಿತನ ಕೈಗೆ ಕೊಡುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ.

ಆ್ಯಪ್ ಬಿಡಲಾಗದವರು ಅಲ್ಪತೃಪ್ತರಾಗಬೇಕು. ಫೇಸ್‌ಬುಕ್‌ನ ‘ಫೀಡ್ಸ್’ ಟ್ಯಾಬ್‌ನಲ್ಲಿ, ಇನ್‌ಸ್ಟಾಗ್ರಾಂನ ‘ಫಾಲೋಯಿಂಗ್’ ನೋಟದಲ್ಲಿ ಸೂಚಿತ ಪೋಸ್ಟ್‌ಗಳ ಕಾಟ ತಗ್ಗುತ್ತದೆ, ಜಾಹೀರಾತು ಇದ್ದೇ ಇರುತ್ತದೆ. ಯುರೋಪಿನಲ್ಲಿ ಇವೆರಡರ ಒಡೆತನದ ಕಂಪನಿ ಮೆಟಾ 2023ರ ನವೆಂಬರ್‌ನಿಂದ ಹಣ ಕೊಟ್ಟವರಿಗೆ ಜಾಹೀರಾತಿಲ್ಲದ ಫೀಡ್ ಕೊಡುತ್ತಿದೆ. ಅದು ಅಲ್ಲಿನ ಕಾನೂನಿನ ಒತ್ತಡಕ್ಕೆ ಮಣಿದು ಮಾಡಿದ ಏರ್ಪಾಡು.

ಸ್ಕ್ರಿಪ್ಟ್ ಹಾಕಿದರೆ ಖಾತೆ ಹೋಗುತ್ತದೆಯೇ ಎಂಬ ಭಯ ಸಹಜ. ಕಂಪನಿಯ ಕೋಪ ಇದುವರೆಗೆ ತಿರುಗಿರುವುದು ಮುಖ್ಯವಾಗಿ ಉಪಕರಣ ಕಟ್ಟಿದವರ ಮೇಲೆ. ಎಲ್ಲ ಗೆಳೆಯರನ್ನೂ ಪುಟಗಳನ್ನೂ ಒಂದೇ ಏಟಿಗೆ ಅನ್‌ಫಾಲೋ ಮಾಡಿ ಫೀಡನ್ನು ಖಾಲಿಮಾಡುವ ‘ಅನ್‌ಫಾಲೋ ಎವ್ರಿಥಿಂಗ್’ ಎಂಬ ಎಕ್ಸ್‌ಟೆನ್ಷನ್ ಬರೆದ ಲೂಯಿ ಬಾರ್‌ಕ್ಲೇ ಅವರಿಗೆ 2021ರಲ್ಲಿ ಫೇಸ್‌ಬುಕ್ ವಕೀಲರ ನೋಟಿಸ್ ಬಂತು, ಖಾತೆ ಶಾಶ್ವತವಾಗಿ ಮುಚ್ಚಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಜಾಹೀರಾತುಗಳನ್ನು ಅಧ್ಯಯನ ಮಾಡುತ್ತಿದ್ದ ಸಂಶೋಧಕರ ಖಾತೆಗಳೂ ಬಂದ್ ಆದವು. ನಿಮ್ಮ ಪರದೆಯ ಮೇಲೆ ಮಾತ್ರ ಅಡಗಿಸುವ ಸ್ಕ್ರಿಪ್ಟ್‌ಗೂ, ನಿಮ್ಮ ಪರವಾಗಿ ಸಾವಿರ ಸಲ ಕ್ಲಿಕ್ ಮಾಡುವ ಸ್ಕ್ರಿಪ್ಟ್‌ಗೂ ಬಹಳ ಅಂತರವಿದೆ. ಮೊದಲನೆಯದಕ್ಕೆ ನಿಲ್ಲಿಸಿಕೊಳ್ಳುವುದು ಜಾಣತನ.

ಜಾಹೀರಾತನ್ನೇ ನಂಬಿದ ಉಚಿತ ಸೇವೆಯಲ್ಲಿ ಜಾಹೀರಾತು ಅಡಗಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಏಳುತ್ತದೆ. 2024ರಲ್ಲಿ ಮೆಟಾದ ಒಟ್ಟು ಆದಾಯ 164.5 ಶತಕೋಟಿ ಡಾಲರ್, ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಜಾಹೀರಾತಿನದು. ಆ ವರ್ಷದ ಆದಾಯದ ಶೇ 10ರಷ್ಟು ವಂಚನೆಯ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರಬಹುದೆಂದು ಕಂಪನಿಯೇ ಒಳಗೊಳಗೆ ಅಂದಾಜು ಮಾಡಿತ್ತೆಂದು ರಾಯಿಟರ್ಸ್ 2025ರ ನವೆಂಬರ್‌ನಲ್ಲಿ ದಾಖಲೆಗಳ ಆಧಾರದಲ್ಲಿ ವರದಿ ಮಾಡಿತು. ಆ ಅಂದಾಜು ಒರಟು, ಅತಿಯಾಯಿತು ಎಂದು ಕಂಪನಿ ಉತ್ತರಿಸಿತು. ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ತಮ್ಮ ಮುಖ, ದನಿ ಬಳಸಿ ಟ್ರೇಡಿಂಗ್ ಆ್ಯಪ್‌ಗಳ ಪ್ರಚಾರ ಮಾಡುವ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಗಿ ಹೇಳಬೇಕಾಯಿತು. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಹುಡುಕಾಟದ ತಾಣಗಳಲ್ಲಿನ ಮೋಸದ ಜಾಹೀರಾತುಗಳ ಬಗ್ಗೆ ಎಚ್ಚರಿಸುತ್ತ, ಆ್ಯಡ್‌ಬ್ಲಾಕರ್ ಬಳಸಿ ಎಂದೇ ಸಲಹೆ ಕೊಟ್ಟಿತ್ತು. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಇದನ್ನು ಹಾಕಿಕೊಡುವುದಕ್ಕೆ ಇಷ್ಟು ಕಾರಣ ಸಾಕು. ಹಾಗೆಂದು ಪ್ರಾಯೋಜಿತ ಪೋಸ್ಟ್‌ಗಳೆಲ್ಲ ಮೋಸವೂ ಅಲ್ಲ. ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವರೂ ಗಿರಾಕಿ ಹುಡುಕುವುದು ಅಲ್ಲಿಯೇ. ಸ್ಕ್ರಿಪ್ಟ್‌ಗೆ ಈ ವಿವೇಚನೆ ಇಲ್ಲ.

ಅಡಗಿಸಿದ ಜಾಹೀರಾತು ಇಲ್ಲವಾಗುವುದಿಲ್ಲ, ನೆರೆಮನೆಯವರಿಗೆ ಕಾಣುತ್ತಲೇ ಇರುತ್ತದೆ. ಖೊಟ್ಟಿ ಹೂಡಿಕೆಯ ಜಾಹೀರಾತು ಕಣ್ಣಿಗೆ ಬಿದ್ದರೆ ಅಡಗಿಸುವ ಮುನ್ನ ಮೂರು ಚುಕ್ಕಿಯ ಮೆನುವಿನಿಂದ ವರದಿ ಮಾಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸ್ಕ್ರಿಪ್ಟ್ ಜಾಹೀರಾತನ್ನು ಮರೆಮಾಡುತ್ತದೆ, ಮಾಹಿತಿ ಸಂಗ್ರಹವನ್ನು ನಿಲ್ಲಿಸುವುದಿಲ್ಲ ಎಂಬುದೂ ಗೊತ್ತಿರಲಿ. ಅದನ್ನು ತಗ್ಗಿಸಲು ಫೈರ್‌ಫಾಕ್ಸ್‌ನ ಫೇಸ್‌ಬುಕ್ ಕಂಟೇನರ್ ಎಕ್ಸ್‌ಟೆನ್ಷನ್ ಬೇಕು, ಜೊತೆಗೆ ಮೆಟಾದ ಸೆಟ್ಟಿಂಗ್‌ಗಳಲ್ಲಿ ಹೊರಗಿನ ತಾಣಗಳ ಚಟುವಟಿಕೆಯ ಜೋಡಣೆಯನ್ನು ಕಡಿದುಹಾಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬೆಳಿಗ್ಗೆ ಜಾಹೀರಾತು ಮರಳಿ ಬರುತ್ತದೆ ಅಥವಾ ಫೀಡ್ ಪೂರ್ತಿ ಖಾಲಿಯಾಗಿ ಸುತ್ತುತ್ತಿರುತ್ತದೆ. ಖಾಲಿ ಫೀಡ್ ಎಂದರೆ ಪುಟದ ರಚನೆ ಬದಲಾಗಿ ಸ್ಕ್ರಿಪ್ಟ್ ಎಲ್ಲವನ್ನೂ ಜಾಹೀರಾತೆಂದು ತಿಳಿದಿದೆ ಎಂದರ್ಥ. ಆಗ ಮೊದಲು ಮಂಗನ ಐಕಾನ್ ಒತ್ತಿ ಆ ತಾಣದ ಸ್ಕ್ರಿಪ್ಟ್ ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಿರಿ. ಸರಿಹೋದರೆ ತಪ್ಪು ಸ್ಕ್ರಿಪ್ಟಿನದು. ಹೋಗದಿದ್ದರೆ ಯುಬ್ಲಾಕ್‌ನ ಡ್ಯಾಶ್‌ಬೋರ್ಡ್ ತೆರೆದು ಫಿಲ್ಟರ್ ಪಟ್ಟಿಗಳನ್ನು ಅಪ್‌ಡೇಟ್ ಮಾಡಿ. ಒಂದೇ ಕೆಲಸಕ್ಕೆ ಎರಡು ಮೂರು ಉಪಕರಣ ಪೇರಿಸಿಟ್ಟವರಲ್ಲಿ ಅವು ಒಂದರ ಕಾಲಿಗೆ ಇನ್ನೊಂದು ತೊಡರುವುದೂ ಉಂಟು. ಒಂದೊಂದಾಗಿ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ಆಮೇಲೆ ಗ್ರೀಸಿ ಫೋರ್ಕ್‌ನಲ್ಲಿ ಆ ಸ್ಕ್ರಿಪ್ಟಿನ ಪುಟ ನೋಡಿ. ಅದೇ ದೂರು ಬೇರೆಯವರೂ ಬರೆದಿದ್ದರೆ ತಿದ್ದುಪಡಿ ಬರುವವರೆಗೆ ಎರಡು ಮೂರು ದಿನ ಕಾಯಬಹುದು. ದೂರುಗಳು ತಿಂಗಳುಗಟ್ಟಲೆ ಉತ್ತರವಿಲ್ಲದೆ ಬಿದ್ದಿದ್ದರೆ ಅದನ್ನು ತೆಗೆದುಹಾಕಿ ಬೇರೊಂದನ್ನು ಹುಡುಕಬೇಕು, ಅದರ ತಲೆಭಾಗವನ್ನೂ ಮೊದಲಿನಂತೆಯೇ ಓದಬೇಕು.